ಹಾಡಿನೊಳಗಿದ್ದ ದನಿ

ಪೂರ್ಣೇಶ ಎಂದು ಪೂರ್ತಿ ಹೆಸರು ಹಿಡಿದು ಕರೆಯುವವಳು ಈಗ ಅವನ ಅಮ್ಮ ಸೀತಮ್ಮ ಒಬ್ಬಳೇ. ಉಳಿದ ಲೋಕಕ್ಕೆಲ್ಲ ಅವನು ಡಿಜೆ ಪೂರ್ಣಿ. ಲೋಕ ಅಂದರೆ ಅಂಥ ದೊಡ್ಡದೇನಲ್ಲ. ಈ ಕಡೆ ಸಾಗರ, ಆ ಕಡೆ ತೀರ್ಥಹಳ್ಳಿ, ನಡುವೆ ಹೊಸನಗರ. ಈ ಮೂರು ತಾಲ್ಲೂಕಿನೊಳಗೆ ಗಣಪತಿ ನೀರಿಗಿಳಿಯಬೇಕಾದರೆ, ಮದುಮಗ ಮಂಟಪಕ್ಕೆ ಬರಬೇಕಾದರೆ, ಕಾಲೇಜು ಹುಡುಗರು ವರ್ಷಕ್ಕೊಮ್ಮೆ ಕುಣಿದು ಅಂಗಿ ಹರಿದುಕೊಳ್ಳಬೇಕಾದರೆ ಪೂರ್ಣಿ ಬರಬೇಕು. ಅವನು ಬಂದದ್ದು ಊರಿಗೆ ಗೊತ್ತಾಗುತ್ತಿದ್ದದ್ದು ಒಂದು ಹೆಣ್ಣುದನಿಯಿಂದ. 'ಪೂರ್ಣಿ ಬೈಂದಾ... ದಾರಿ ಬಿಡಿ!' ಎಂದು ಅದು ರಾಗವಾಗಿ ಕೂಗುತ್ತಿತ್ತು. ಕೂಗಿದ ಬೆನ್ನಿಗೇ ಕಿಸಕ್ಕನೆ ನಗುತ್ತಿತ್ತು. ಆ ನಗು ಮುಗಿಯುವುದೇ ತಡ, ಎದೆಗೂಡು ಅದುರುವಂತೆ ಬೀಟ್ ಬೀಳುತ್ತಿತ್ತು.

ಹಾಡಿನೊಳಗೆ ಹೀಗೆ ಹೆಸರು ಕೂಗಿಸುವುದು ಪೂರ್ಣಿಯ ಜಂಭವಲ್ಲ, ಊರೂರಿನ ಡಿಜೆಗಳೆಲ್ಲರ ಪದ್ಧತಿ. ಅದಕ್ಕೆ ಟ್ಯಾಗ್ ಅನ್ನುತ್ತಾರೆ. ರೀಮಿಕ್ಸ್ ಮಾಡಿದವನು ತನ್ನ ಹೆಸರು ಕೂಗಿಸದೆ ಬಿಟ್ಟನೋ, ಬೆಳಗಾಗುವುದರೊಳಗೆ ಇನ್ನೊಬ್ಬ ಪೆನ್‌ಡ್ರೈವಿಗೆ ಏರಿಸಿಕೊಂಡು ನಂದೇ ಅಂತ ಎದೆ ತಟ್ಟಿಕೊಂಡಿರುತ್ತಾನೆ. ಸಮಾರಂಭಕ್ಕೆ ಕೊಟ್ಟ ಪಾತ್ರೆ ವಾಪಸು ಬರಲೆಂದು ಅದರ ಮೇಲೆ ಹೆಸರು ಕೊರೆಸುತ್ತಾರಲ್ಲ, ಹಾಗೆ. ಬೇರೆಯವರು ಹಾಡಿನ ಮೊದಲಿಗೊಮ್ಮೆ ಕೊನೆಗೊಮ್ಮೆ ಕೂಗಿಸಿ ಸುಮ್ಮನಾಗುತ್ತಾರೆ. ಅದನ್ನು ಕತ್ತರಿಸಿ ಬಿಸಾಡುವುದು ಕಳ್ಳರಿಗೆ ನೀರು ಕುಡಿದಷ್ಟು ಸುಲಭ. ಪೂರ್ಣಿ ಮಾತ್ರ ಯಾರಪ್ಪನಿಂದಲೂ ಕತ್ತರಿಸಲಾಗದ ಹಾಗೆ ಹಾಕಿದ. ತಾನು ಬುದ್ಧಿವಂತ ಅಂದುಕೊಂಡಿದ್ದ.

ಅವನಪ್ಪ ಕಾರ್ಗಲ್‌ನ ವಿದ್ಯುತ್ ಯೋಜನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಸಾಲು ಸಾಲು ಒಂದೇ ಥರದ ಕ್ವಾರ್ಟರ್ಸ್‌ಗಳಲ್ಲಿ ಬೆಳೆದ ಹುಡುಗನಿಗೆ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆಯೇ ತಂಬೂರಿ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಸಾಗರದಲ್ಲಿ ಕಾಲೇಜಿಗೆ ಸೇರಿದ ಮೇಲೆ ಕಂಪ್ಯೂಟರ್ ಲ್ಯಾಬಿನಲ್ಲಿ ಕದ್ದುಮುಚ್ಚಿ ಸಾಫ್ಟ್‌ವೇರ್ ಹಾಕಿಕೊಂಡು ಬೀಟ್ ಜೋಡಿಸುವುದನ್ನು ಕಲಿತ. ಲಿಖಿತಾ ಅದೇ ಲ್ಯಾಬಿನಲ್ಲಿ ಪಕ್ಕದ ಕುರ್ಚಿಯವಳು. ಕೆಳದಿ ಹತ್ತಿರದ ಹವ್ಯಕರ ಮನೆಯ ಹುಡುಗಿ. ಅವಳು ಮನೆಗೆ ಫೋನು ಮಾಡಿ 'ಬತ್ತೆ, ಇಲ್ಲೆ, ಎಂತ' ಎಂದು ಶುರುಮಾಡಿದರೆ ಪೂರ್ಣೇಶ ಹೆಡ್‌ಫೋನ್ ತೆಗೆದಿಟ್ಟು ಕೇಳುತ್ತ ಕೂರುತ್ತಿದ್ದ. ಅವರ ಮನೆಮಾತಿನಲ್ಲಿ 'ಬಂದಿದ್ದಾನೆ' ಅನ್ನುವುದಕ್ಕೆ 'ಬೈಂದ' ಅನ್ನುತ್ತಾರೆ. ಆ ಒಂದು ಪದವನ್ನು ಅವಳು ಎಳೆಯುವ ರೀತಿಗೇ ಅವನು ಬಿದ್ದುಹೋದ ಎಂದರೆ ತಪ್ಪಾಗಲಾರದು.

ಟ್ಯಾಗಿಗೆ ದನಿ ಕೊಡು ಎಂದು ಅವನು ಗೋಗರೆದಾಗ ಅವಳು ಒಪ್ಪಿದ್ದು ಬರೀ ತಮಾಷೆಗೆ. ಎನ್‌ಎಸ್‌ಎಸ್ ಕೋಣೆಯಲ್ಲಿ ಹೊರಗಿನ ಗಲಾಟೆ ಕೇಳದಿರಲಿ ಎಂದು ಕ್ಯಾಂಪಿನ ಕಂಬಳಿಯನ್ನು ತಲೆಮೇಲೆ ಹೊದ್ದು ಮೊಬೈಲಿಗೆ ಕೂಗಿದಳು. ಕಂಬಳಿಯ ಧೂಳು ಮೂಗಿಗೆ ಹೋಗಿ ನಗು ಬಂತು. 'ಆ ನಗು ತೆಗಿ ಮಾರಾಯ, ಕೇಳಿದವರು ಎಂತ ಅಂದ್ಕೋತಾರೆ' ಅಂದಳು. ಅವನು ತೆಗೆಯಲಿಲ್ಲ.

ಮುಂದಿನದು ಹೇಳುವುದಕ್ಕೆ ಹೆಚ್ಚಿಲ್ಲ. ಕಾಲೇಜು ಮುಗಿದು ಕೆಲವು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಕಾದರು. ಒಂದು ದಿನ ಪೂರ್ಣೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವಳ ಮನೆಗೆ ಕೇಳಲು ಹೋದ. ಯಾರೂ ಬೈಯಲಿಲ್ಲ, ಯಾರೂ ಜಾತಿಯ ಮಾತೆತ್ತಲಿಲ್ಲ. ಅವಳಪ್ಪ ಗಜಾನನ ಹೆಗಡೆಯವರು ಕೂರಿಸಿ, ಚಹಾ ಕೊಟ್ಟು, ಲಿಂಗನಮಕ್ಕಿಯ ನೀರಿನ ಮಟ್ಟ ವಿಚಾರಿಸಿ, ಗೇಟಿನ ತನಕ ಬಂದು ಕಳಿಸಿಕೊಟ್ಟರು. ಬೈದಿದ್ದರೆ ವಾಪಸು ಜಗಳ ಆಡಬಹುದಿತ್ತು. ಅಷ್ಟು ಮರ್ಯಾದೆ ಕೊಟ್ಟವರ ಜೊತೆ ಏನು ಜಗಳ ಆಡುವುದು? ಆರು ತಿಂಗಳೊಳಗೆ ಅವಳಿಗೆ ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಕೃಷ್ಣಪ್ರಸಾದರ ಜೊತೆ ಮದುವೆಯಾಯಿತು.

ಆ ಮದುವೆಯ ವಾರ ಪೂರ್ಣೇಶ ಕೋಣೆ ಬಿಟ್ಟು ಹೊರಬರಲಿಲ್ಲ. ಅವನಲ್ಲಿ ಉಳಿದಿದ್ದದ್ದು ಕಂಬಳಿಯೊಳಗಿನ ಆ ಒಂದು ತುಣುಕು ದನಿ. ಅದನ್ನು ಚೂರು ಚೂರು ಮಾಡಿದ. 'ಬೈಂ' ಒಂದು ಚೂರು, 'ದಾ' ಒಂದು ಚೂರು, ನಗುವಿನದು ಸಣ್ಣ ಸಣ್ಣ ನಾಲ್ಕಾರು ಚೂರು. ಒಂದೊಂದನ್ನು ಒಂದೊಂದು ಸ್ವರಕ್ಕೆ ಏರಿಸಿ ಇಳಿಸಿ, ಹಾರ್ಮೋನಿಯಂ ಮನೆಗಳ ಹಾಗೆ ಹರಡಿಕೊಂಡು, ಅವುಗಳಿಂದಲೇ ಇಡೀ ರಾಗ ನುಡಿಸಿದ. ಹಾಡಿನಲ್ಲಿ ಬೇರೆ ವಾದ್ಯವೇ ಇಲ್ಲ. ಕೆಳಗೆ ಬೀಟು, ಮೇಲೆ ಅವಳು. ಅದಕ್ಕೆ 'ಬೈಂದಾ' ಎಂದೇ ಹೆಸರಿಟ್ಟ. ಅಳುತ್ತ ಮಾಡಿದ ಹಾಡು ಅದು. ಜನ ಅದಕ್ಕೆ ಕುಣಿದರು.

ಕುಣಿದರು ಅಂದರೆ ಹೇಗೆ! ಸಾಗರದ ಗಣಪತಿ ಮೆರವಣಿಗೆಯಲ್ಲಿ ಒಮ್ಮೆ ಹಾಕಿದ್ದೇ ನೆಪ, ಮದುಮಗನ ಎಂಟ್ರಿಗೆ ಅದೇ ಬೇಕು, ಹುಟ್ಟುಹಬ್ಬದ ಕೇಕಿಗೆ ಅದೇ ಬೇಕು, ಪಂಚಾಯ್ತಿ ಚುನಾವಣೆ ಗೆದ್ದವರಿಗೂ ಅದೇ ಬೇಕು. ಆಟೋಗಳಲ್ಲಿ, ಖಾಸಗಿ ಬಸ್ಸುಗಳಲ್ಲಿ, ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಬಂದವರ ಕಾರುಗಳಲ್ಲೂ ಅದು ಕೂಗಿಕೊಂಡು ಓಡಾಡಿತು. ಕದಿಯಲು ನೋಡಿದವರಿಗೆ ಕದಿಯಲಾಗಲಿಲ್ಲ. ಟ್ಯಾಗ್ ಕಿತ್ತರೆ ರಾಗವೇ ಉಳಿಯುವುದಿಲ್ಲವಲ್ಲ. ಸಾಗರದಲ್ಲಿ ಸೌಂಡ್ ಸಿಸ್ಟಮ್ ಇಟ್ಟುಕೊಂಡಿದ್ದ ರವಿಶಂಕರ ಅವನನ್ನು ಪಾಲುದಾರ ಮಾಡಿಕೊಂಡ. ಪೂರ್ಣಿ ಹೆಸರು, ರವಿಶಂಕರನ ಸ್ಪೀಕರ್ ಬಾಕ್ಸು.

ಆಮೇಲೆ ಅವನು ಎಷ್ಟೋ ಒಳ್ಳೆಯ ಹಾಡು ಮಾಡಿದ. ಮಾತಿಲ್ಲದ, ನಿಧಾನಕ್ಕೆ ತೆರೆದುಕೊಳ್ಳುವ, ಕಣ್ಣು ಮುಚ್ಚಿ ಕೇಳಬೇಕಾದ ಹಾಡುಗಳು. ಇಂಟರ್‌ನೆಟ್ಟಿಗೆ ಹಾಕಿದ; ಪೋಲೆಂಡ್‌ನಿಂದ ಯಾರೋ ಒಬ್ಬ ಹೃದಯದ ಚಿತ್ರ ಕಳಿಸಿದ. ಒಮ್ಮೆ ಗೋವಾದಲ್ಲಿ ಅವಕಾಶ ಸಿಕ್ಕಿ ಅಷ್ಟು ದೂರ ಹೋದರೆ, ಮಧ್ಯಾಹ್ನದ ಬಿಸಿಲಿನಲ್ಲಿ ಮೀನು ತಿನ್ನುತ್ತಿದ್ದವರ ಎದುರು ನುಡಿಸಿ ಬಂದ. ಮೂವತ್ತು ದಾಟಿತು. ಎಡಗಿವಿಯಲ್ಲಿ ಸದಾ ಒಂದು ಕೀರಲು ಸದ್ದು ಶುರುವಾಯಿತು. ಬಾಕ್ಸ್ ಎತ್ತಿ ಎತ್ತಿ ಸೊಂಟ ಹೋಯಿತು. ಅರಿಶಿನ ಶಾಸ್ತ್ರದ ನೀರು ಹಾಡು ಬೆರೆಸುವ ಮಿಕ್ಸರಿನೊಳಗೆ ಹೋಗುವುದು, ಮದುಮಗಳ ಮಾವ ಬಂದು 'ಸ್ವಲ್ಪ ಸಣ್ಣ ಮಾಡಿ' ಅನ್ನುವುದು, ಅವರ ಬೆನ್ನ ಹಿಂದೆಯೇ ಮಗ ಬಂದು 'ಎಂತ ಸಾರ್, ದಮ್ಮೇ ಇಲ್ಲ' ಅನ್ನುವುದು, ಪೊಲೀಸರು ಶಬ್ದ ಅಳೆಯುವ ಯಂತ್ರ ಹಿಡಿದು ಎದುರಿಗೇ ನಿಲ್ಲುವುದು. ಎಲ್ಲ ಮುಗಿದ ಮೇಲೆ ಯಾರಾದರೂ ಬಂದು ಕೇಳುವುದು ಒಂದೇ: 'ಅಣ್ಣ, ಬೈಂದಾ ಇನ್ನೊಂದು ಸಲ ಹಾಕಿ'. ಬೇಜಾರು ಬಂದಿತ್ತು ಅವನಿಗೆ, ಎಲುಬಿಗಿಳಿದ ಬೇಜಾರು. ಆದರೂ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಅಮ್ಮ ಕೇಳಿದರೆ ಬೇರೆ ಕೆಲಸ ಗೊತ್ತಿಲ್ಲ ಅನ್ನುತ್ತಿದ್ದ. ಅದು ಸುಳ್ಳು. ದಿನಕ್ಕೊಮ್ಮೆಯಾದರೂ ಆ ದನಿ ಅವನ ಹೆಸರು ಕರೆಯುತ್ತಿತ್ತು. ಅದಕ್ಕೇ ಅವನು ಹೋಗುತ್ತಿದ್ದ.

ಕಳೆದ ವೈಶಾಖದಲ್ಲಿ ಹೊಸನಗರದ ಒಂದು ಕಲ್ಯಾಣಮಂಟಪದಲ್ಲಿ ಮದುವೆ. ಹುಡುಗಿ ಕಡೆಯವರು ಹವ್ಯಕರು ಎಂದು ಗೊತ್ತಿತ್ತು, ಆದರೆ ನೆಂಟರ ಪೈಕಿ ಯಾರು ಬರುತ್ತಾರೆ ಎಂದು ಡಿಜೆಗೆ ಯಾರು ಹೇಳುತ್ತಾರೆ? ಮದುಮಗ ಬಾಗಿಲಿಗೆ ಬಂದ. ಪೂರ್ಣಿ ಗುಂಡಿ ಒತ್ತಿದ. 'ಪೂರ್ಣಿ ಬೈಂದಾ... ದಾರಿ ಬಿಡಿ!' ಎಂದು ಸ್ಪೀಕರ್ ಕೂಗಿ ನಕ್ಕಿತು.

ಎದುರಿನ ಸಾಲಿನಿಂದ ಮೂರು ವರ್ಷದ ಒಂದು ಹೆಣ್ಣುಮಗು ಓಡಿಬಂದು ತನಗಿಂತ ಎತ್ತರದ ಬಾಕ್ಸಿಗೆ ಎರಡೂ ಕೈ ಒತ್ತಿ ನಿಂತಿತು. 'ಆಯಿ!' ಎಂದು ಅಮ್ಮನನ್ನು ಕರೆದು ಕಿರುಚಿತು. 'ಆಯಿ ಅದ್ರೊಳಗೆ ಇದ್ದು!'

ಜನ ಮೊದಲು ನಕ್ಕರು. ಆಮೇಲೆ, ಆ ಮಗುವನ್ನು ಎತ್ತಿಕೊಳ್ಳಲು ಎದ್ದು ಬಂದ ಹೆಂಗಸನ್ನು ನೋಡಿದರು. ಹಸಿರು ರೇಷ್ಮೆಸೀರೆ, ಸ್ವಲ್ಪ ದಪ್ಪಗಾಗಿದ್ದಳು, ಮುಖ ಮಾತ್ರ ಬಿಳುಚಿಕೊಂಡಿತ್ತು. ಹಾಡು ತನ್ನ ಪಾಡಿಗೆ ಅವಳ ದನಿಯನ್ನು ಚೂರು ಮಾಡಿ ನುಡಿಸುತ್ತಲೇ ಇತ್ತು. ಮಗುವಿಗೆ ಒಂದೊಂದು ಚೂರೂ ಗುರುತು ಸಿಗುತ್ತಿತ್ತು. 'ಆಯಿ! ಆಯಿ!' ಎಂದು ಪ್ರತಿ ಸಲವೂ ಬಾಕ್ಸನ್ನು ಬಡಿಯಿತು. ವರ್ಷಗಟ್ಟಲೆ ಆ ಹಾಡಿಗೆ ಕುಣಿದ ನೆಂಟರಿಗೆ ಯಾರಿಗೂ ಗೊತ್ತಾಗದ್ದು ಅದಕ್ಕೆ ಗೊತ್ತಾಗಿತ್ತು. ಪೂರ್ಣೇಶ ಹಾಡನ್ನು ನಿಲ್ಲಿಸಬೇಕಿತ್ತು. ಕೈ ಬರಲಿಲ್ಲ.

ಊಟದ ಪಂಕ್ತಿ ಶುರುವಾದಾಗ ಅವಳು ಒಬ್ಬಳೇ ಅವನಿದ್ದಲ್ಲಿಗೆ ಬಂದಳು. ಅವನು ವೈರ್ ಸುತ್ತುತ್ತಿದ್ದ.

'ಹೇಗಿದ್ದೀಯ?' ಎಂದ.

'ಅದನ್ನ ತೆಗೆದುಬಿಡು ಪೂರ್ಣಿ' ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, 'ನಾನು ಚೆನ್ನಾಗಿದ್ದೀನಿ' ಎಂದಳು.

'ಮನೇಲಿ ಏನಾದ್ರೂ ಅಂದ್ರಾ?'

'ಯಾರೂ ಏನೂ ಅನ್ಲಿಲ್ಲ. ಅದೇ ಕಷ್ಟ. ಕೇಳಿದ್ರೆ ಹೇಳ್ತಿದ್ದೆ, ಮುಚ್ಚಿಡೋಂಥದ್ದು ಎಂತ ಇದೆ ನಮ್ಮದು? ಇನ್ನು ಎಲ್ಲಿ ಆ ಹಾಡು ಬಂದ್ರೂ ಅತ್ತೆ ನನ್ನ ಮುಖ ನೋಡ್ತಾರೆ. ಇವರು ನೋಡದೆ ಇರೋಕೆ ಕಷ್ಟಪಡ್ತಾರೆ. ನಮ್ಮ ಬೀದೀಲೇ ಗಣಪತಿ ಹೋಗುತ್ತೆ ಮಾರಾಯ. ನಾನು ಜನ್ಮಪೂರ್ತಿ ನಿನ್ನ ಹೆಸರು ಕೂಗ್ತಾ ಇರ್ಬೇಕಾ?'

ಅವನು ಸುತ್ತುತ್ತಿದ್ದ ವೈರನ್ನು ಕೆಳಗಿಟ್ಟ. 'ತೆಗಿತೀನಿ' ಎಂದ.

'ಮೂಲದ್ದೂ ತೆಗಿ' ಎಂದಳು. 'ಕಂಬಳಿಯೊಳಗೆ ಕೂಗಿದ್ದು. ಅದಿದ್ರೆ ನೀನು ಮತ್ತೆ ಹಾಕ್ತೀಯ. ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ?'

ಹೇಳಿದಷ್ಟು ಸುಲಭವಿರಲಿಲ್ಲ ಅದು. ಕಾರ್ಗಲ್‌ನ ಕೋಣೆಯಲ್ಲಿ ಕೂತು ಪೂರ್ಣೇಶ ತಿಂಗಳುಗಟ್ಟಲೆ ಹೆಣಗಿದ. ಬೇರೆ ರೀಮಿಕ್ಸ್‌ಗಳಿಂದ ಅವಳನ್ನು ಹೇಗೋ ಅಳಿಸಿದ. 'ಬೈಂದಾ' ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಳ್ಳರಿಗೆಂದು ಹಾಕಿದ ಬೀಗಕ್ಕೆ ಈಗ ಅವನಲ್ಲೂ ಕೀಲಿಯಿರಲಿಲ್ಲ. ದನಿ ಬೇರ್ಪಡಿಸುವ ಹೊಸ ಹೊಸ ಸಾಫ್ಟ್‌ವೇರ್ ತಂದು ಹಾಕಿದರೆ ದನಿಯ ಜೊತೆ ರಾಗವೂ ಹೋಗಿ ಬರೀ ಬೀಟು ಉಳಿಯುತ್ತಿತ್ತು, ಒನಕೆಯಲ್ಲಿ ಕುಟ್ಟಿದ ಹಾಗೆ. ಕೊನೆಗೆ ರಾಗವನ್ನು ಸಿಂಥಸೈಜರಿನಲ್ಲಿ ಮತ್ತೆ ನುಡಿಸಿದ. ಹೆಸರು ಕೂಗಲು ಕಂಪ್ಯೂಟರಿನಿಂದಲೇ ಒಂದು ಹೆಣ್ಣುದನಿ ಹುಟ್ಟಿಸಿದ. ಅದು ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳಿದಂತೆ 'ಪೂರ್ಣಿ ಬೈಂದ' ಎಂದಿತು. ನಾಚಿಕೆಯಾಗಿ ಅದನ್ನೂ ತೆಗೆದ. ಆ ಜಾಗವನ್ನು ಖಾಲಿ ಬಿಟ್ಟ.

ಜನ ಸುಮ್ಮನಿರುತ್ತಾರೆಯೇ? ಇವನು ಡೂಪ್ಲಿಕೇಟ್ ಪೂರ್ಣಿ ಎಂದರು. ಒಂದು ಮದುವೆಯಲ್ಲಿ ಮದುಮಗನ ಗೆಳೆಯರು ತಮ್ಮ ಮೊಬೈಲಿನಿಂದ ಹಳೆಯ ಹಾಡು ಹಾಕಿ 'ನೋಡಿ ಸಾರ್, ಒರಿಜಿನಲ್ ಹೀಗಿರುತ್ತೆ' ಎಂದು ಅವನಿಗೇ ಪಾಠ ಹೇಳಿದರು. ರವಿಶಂಕರನಿಗೆ ಪಿತ್ತ ನೆತ್ತಿಗೇರಿತು.

'ನಿಂಗೆ ತಲೆ ಕೆಟ್ಟಿದ್ಯಾ? ಅನ್ನ ಹಾಕೋ ಹಾಡನ್ನ ಯಾರಾದ್ರೂ ಕೈಯಾರೆ ಕುಲಗೆಡಿಸ್ತಾರಾ?'

'ಹಾಡು ಹಾಗೇ ಇದೆಯಲ್ಲ.'

'ಹಾಡಿದೆ, ಜೀವ ಎಲ್ಲಿದೆ?' ಎಂದ ರವಿಶಂಕರ. ಅವನಿಗೆ ಕಾರಣ ಗೊತ್ತಿರಲಿಲ್ಲ, ಪೂರ್ಣೇಶ ಹೇಳಲೂ ಇಲ್ಲ. ತೀರ್ಥಹಳ್ಳಿಯ ಗಣಪತಿ ಬಿಡುವ ಮೆರವಣಿಗೆಗೆ ಬರುವುದಿಲ್ಲ ಎಂದು ಪೂರ್ಣೇಶ ಹೇಳುವ ಮೊದಲೇ ರವಿಶಂಕರ ಮಾತು ಕೊಟ್ಟು ಬಂದಿದ್ದ.

ಮಾತು ಕೊಟ್ಟಾಗಿತ್ತು, ಹೋದ. ಪೊಲೀಸರ ಕಟ್ಟುನಿಟ್ಟಿನಿಂದಾಗಿ ಸಂಜೆಯೊಳಗೆ ಮುಗಿಸಬೇಕಿತ್ತು. ಮೋಡ ಸರಿದು ಇಳಿಬಿಸಿಲು ಬಿದ್ದಿತ್ತು. ಮುಂದೆ ಗಣಪತಿಯ ಟ್ರಾಕ್ಟರ್, ಹಿಂದೆ ಪೂರ್ಣಿಯ ಲಾರಿ, ನಡುವೆ ಬಣ್ಣ ಮೆತ್ತಿಕೊಂಡ ಜನ. ಮೆರವಣಿಗೆ ತುಂಗೆಯ ಕಡೆಗೆ ತೆವಳುತ್ತಿತ್ತು. ಲಾರಿ ಅವಳ ಬೀದಿಗೆ ತಿರುಗಿತು. ಬೇರೆ ಹಾಡು ಹಾಕಿ ದಾಟಿಬಿಡೋಣವೆಂದುಕೊಂಡಿದ್ದ. ಆದರೆ ಲಾರಿಯ ಮುಂದಿದ್ದವರು ಕೈ ಎತ್ತಿ 'ಬೈಂದಾ! ಬೈಂದಾ!' ಎಂದು ಹಟ ಹಿಡಿದರು. ಹೇಗೂ ಅವಳಿಲ್ಲದ ಹಾಡು ಎಂದು ಧೈರ್ಯ ಮಾಡಿ ಹಾಕಿದ.

ಖಾಲಿ ಬಿಟ್ಟ ಜಾಗ ಬಂತು. ಸ್ಪೀಕರ್ ಸುಮ್ಮನಾಯಿತು. ಬೀದಿಯ ತುಂಬ ಇದ್ದ ಗಂಡಸರು ಒಟ್ಟಿಗೆ ಕೂಗಿದರು: 'ಪೂರ್ಣಿ ಬೈಂದಾ... ದಾರಿ ಬಿಡಿ!' ಅವಳು ಎಳೆದಷ್ಟೇ ಎಳೆದರು. ಅವಳು ಏರಿಸಿದಲ್ಲೇ ಏರಿಸಿದರು. ಕೊನೆಯಲ್ಲಿ ಗಡ್ಡ ಮೀಸೆಯವರೆಲ್ಲ ಹುಡುಗಿಯ ಹಾಗೆ ಕಿಸಕ್ಕನೆ ನಕ್ಕರು.

ಪೂರ್ಣೇಶನಿಗೆ ಅಳು ಬಂತು. ಅವಳ ಮನೆ ಇನ್ನು ನಾಲ್ಕು ಮನೆ ಆಚೆ. ಮಾಳಿಗೆಯ ಮೊಗಸಾಲೆಯಲ್ಲಿ ಜನ ನಿಂತದ್ದು ಕಾಣುತ್ತಿತ್ತು. ಅವನು ತನ್ನ ವೃತ್ತಿಯಲ್ಲಿ ಎಂದೂ ಮಾಡದ್ದನ್ನು ಮಾಡಿದ. ಕುಣಿಯುತ್ತಿರುವ ಜನರ ನಡುವೆ ಶಬ್ದವನ್ನು ಪೂರ್ತಿ ಇಳಿಸಿಬಿಟ್ಟ. ಅವಳ ಮನೆ ದಾಟುವ ತನಕ ಒಂದು ಸೊಲ್ಲೂ ಇರಬಾರದು, ಅಷ್ಟು ಮಾಡಿದರೆ ಸಾಕು ಎಂದುಕೊಂಡ.

ಜನರಿಗೆ ಅದು ಇನ್ನೂ ದೊಡ್ಡ ಖಾಲಿ ಜಾಗ. ಪೂರ್ಣಿ ಬೇಕೆಂದೇ ತಮಗೆ ಬಿಟ್ಟುಕೊಟ್ಟಿದ್ದಾನೆಂದು ತಿಳಿದರು. ಮತ್ತೆ ಕೂಗಿದರು, ಮತ್ತೆ ಮತ್ತೆ ಕೂಗಿದರು, ಚಪ್ಪಾಳೆಯಲ್ಲೇ ಬೀಟು ಹಾಕಿಕೊಂಡು. ಲಾರಿ ಅವಳ ಮನೆಯೆದುರು ಬಂದು, ಟ್ರಾಕ್ಟರಿಗೆ ಕಾದು, ನಿಂತೇ ಬಿಟ್ಟಿತು. ಅವನು ತಲೆತಗ್ಗಿಸಿ ನಿಂತಿದ್ದ. ಎಷ್ಟು ಹೊತ್ತೆಂದು ಹಾಗೆ ನಿಲ್ಲಲಾಗುತ್ತದೆ? ತಲೆ ಎತ್ತಿದ.

ಮೊಗಸಾಲೆಯಲ್ಲಿ ಅತ್ತೆ ಮಹಾಲಕ್ಷ್ಮಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಷ್ಟ್ರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಆ ಮಗು ಎರಡೂ ಕೈ ಮೇಲೆತ್ತಿ, ಕೆಳಗಿನ ಜನರನ್ನೇ ನೋಡುತ್ತ, ಅವರ ಜೊತೆ ಗಂಟಲು ಹರಿಯುವಂತೆ ಕೂಗುತ್ತಿತ್ತು: 'ಪೂರ್ಣಿ ಬೈಂದಾ!' ಪಕ್ಕದಲ್ಲೇ ನಿಂತಿದ್ದ ಆಯಿಯ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಆ ಕೂಗಿನಲ್ಲಿ ಆಯಿ ಇರಲಿಲ್ಲ. ಇದ್ದದ್ದು ಬೀದಿ ತುಂಬ ಗಂಡಸರು, ಬಣ್ಣ, ಗಲಾಟೆ. ಮೇಷ್ಟ್ರೂ ಒಂದು ಸಲ ದನಿಗೂಡಿಸಿದರು, ಅವರಮ್ಮ 'ಸುಮ್ನಿರೋ' ಅನ್ನುವ ಹಾಗೆ ಕೈ ಬೀಸಿ ತಾವೇ ನಕ್ಕರು. ಯಾರೂ ಲಿಖಿತಾಳ ಮುಖ ನೋಡುತ್ತಿರಲಿಲ್ಲ.

ಅದು ಅವಳಿಗೂ ಗೊತ್ತಾಯಿತು. ಕಂಬಿ ಹಿಡಿದ ಅವಳ ಕೈ ಸಡಿಲಾದದ್ದನ್ನು ಅವನು ಕೆಳಗಿನಿಂದಲೇ ಕಂಡ. ಆಮೇಲೆ ಅವಳು ನಕ್ಕಳು. ಕಂಬಳಿಯೊಳಗೆ ನಕ್ಕ ಹಾಗೆಯೇ ಭುಜ ಕುಲುಕಿಸಿ ನಕ್ಕಳು. ಹತ್ತಡಿ ಮೇಲೆ ಇದ್ದಳು, ಆದರೂ ಆ ಗಲಾಟೆಯಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ.

ಊರಿಗೆ ಬಂದವನು ಅವಳು ಕೇಳಿದಂತೆ ಮೂಲದ ತುಣುಕನ್ನೂ ಅಳಿಸಿದ. ಅಳಿಸುವ ಮುಂಚೆ ಒಮ್ಮೆ ಕೇಳಬೇಕೆನಿಸಿತು. ಕೇಳಿದರೆ ಅಳಿಸಲಾಗುವುದಿಲ್ಲವೆಂದು ಕೇಳದೆಯೇ ಅಳಿಸಿದ. ಹಳೆಯ ಹಾಡು ಯಾರ ಯಾರದೋ ಮೊಬೈಲಿನಲ್ಲಿ ಇದ್ದೇ ಇತ್ತು, ಅದನ್ನೂ ಕೇಳಲು ಹೋಗಲಿಲ್ಲ. ಅವಳು ಫೋನು ಮಾಡಲಿಲ್ಲ; ಮಾಡುವ ಅಗತ್ಯವೂ ಇರಲಿಲ್ಲ. ರವಿಶಂಕರ ಮಾತ್ರ ಖುಷಿಯಾಗಿದ್ದಾನೆ. ಆ ಸಂಜೆಯ ವಿಡಿಯೊ ಎಲ್ಲ ಮೊಬೈಲುಗಳಿಗೂ ಹೋಗಿ ಬುಕಿಂಗ್ ಮೊದಲಿಗಿಂತ ಹೆಚ್ಚಿದೆ. ಖಾಲಿ ಜಾಗ ಬಿಡುವುದು ಪೂರ್ಣಿಯ ಹೊಸ ಐಡಿಯಾ ಎಂದು ಬೇರೆ ಡಿಜೆಗಳೂ ಬಿಡಲು ಶುರುಮಾಡಿದ್ದಾರೆ.

ಪೂರ್ಣೇಶ ಈಗಲೂ ಹೋಗುತ್ತಾನೆ, ಬಾಕ್ಸ್ ಎತ್ತುತ್ತಾನೆ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಿಲ್ಲುತ್ತಾನೆ. ಆ ಜಾಗ ಬಂದಾಗ ಶಬ್ದ ಇಳಿಸಿ ಕಣ್ಣು ಮುಚ್ಚುತ್ತಾನೆ. ನೋಡಿದವರು ಭಕ್ತಿ ಅಂದುಕೊಳ್ಳುತ್ತಾರೆ. ಅವಳು ಅದನ್ನು ಹೇಗೆ ಅಂದಿದ್ದಳು ಎಂದು ಅವನು ನೆನಪು ಮಾಡಿಕೊಳ್ಳಲು ನೋಡುತ್ತಿರುತ್ತಾನೆ. ಎಷ್ಟು ನೋಡಿದರೂ ಅವನ ಕಿವಿಗೆ ಬರುವುದು ತೀರ್ಥಹಳ್ಳಿಯ ಬೀದಿಯಲ್ಲಿ ಕೂಗಿದ ಆ ಗಂಡಸರ ದನಿಯೇ.